ಇದು ಓಡಿ, ಇದು ಬಿಡಿ

ಶಿರಸಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಹದಿನೇಳು ವರ್ಷ ಆಯಿತು. ಕೌಂಟರಿನ ಒಳಗೆ ನಾವು ಆಡುವ ಮಾತು ಹೊರಗೆ ನಿಂತವರ ಕಿವಿಗೆ ಹೇಗೆ ಬೀಳುತ್ತದೆ ಅಂತ ಯೋಚಿಸಿದವಳೇ ಅಲ್ಲ.

ಒಂದು ಮಳೆಗಾಲ. ಹಳ್ಳಿಯಿಂದ ಒಬ್ಬ ಹಿರಿಯರು ಔಷಧಿಗೆ ಬಂದಿದ್ದರು. ನಮ್ಮ ಅಂಗಡಿ ಹುಡುಗ ಡಾಕ್ಟರ್ ಚೀಟಿ ನೋಡಿ ಒಂದೊಂದೇ ಸ್ಟ್ರಿಪ್ ಇಡುತ್ತಾ, "ಇದು ಓಡಿ, ಇದು ಬಿಡಿ" ಅಂದ. ಅಂದಿದ್ದು ನನಗೆ. ಕೇಳಿಸಿಕೊಂಡಿದ್ದು ಅವರು. ಇಪ್ಪತ್ತು ದಿನ ಬಿಟ್ಟು ಮತ್ತೆ ಬಂದರು. ಸಕ್ಕರೆ ಏರಿಬಿಟ್ಟಿದೆ. ಮೆಟ್‌ಫಾರ್ಮಿನ್ ತಗೊಳ್ತಾ ಇದ್ದೀರಲ್ವಾ ಅಂತ ಕೇಳಿದೆ.

"ಇಲ್ಲ ತಂಗಿ. ನಿಮ್ಮ ಹುಡುಗನೇ ಬಿಡಿ ಅಂದನಲ್ಲ."

"ದುಡ್ಡು ಕೊಟ್ಟು ತಗೊಂಡಿದ್ದನ್ನ ಯಾಕೆ ಬಿಟ್ರಿ?"

"ಈಗ ಬಿಡಿ, ಮುಂದೆ ಬೇಕಾಗ್ತದೆ ಅಂತ ತಿಳ್ಕಂಡೆ. ಕಪಾಟಿನಲ್ಲಿ ಜೋಪಾನ ಇಟ್ಟಿದ್ದೇನೆ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬಿಡಿ ಅಂದರೆ ಲ್ಯಾಟಿನ್ನಿನ 'ಬಿಸ್ ಇನ್ ಡಿಯೆ', ದಿನಕ್ಕೆ ಎರಡು ಸಲ. ಓಡಿ ಅಂದರೆ ದಿನಕ್ಕೊಂದು ಸಲ. ಅದೇ ಓಡಿ ಕಣ್ಣಿನ ಡಾಕ್ಟರ್ ಚೀಟಿಯಲ್ಲಿ ಬಲಗಣ್ಣು. ತುರ್ತು ವಿಭಾಗದಲ್ಲಿ ಓವರ್‌ಡೋಸ್. ನಮ್ಮ ಕನ್ನಡದ ಓಟವನ್ನೂ ಸೇರಿಸಿದರೆ ನಾಲ್ಕು ಅರ್ಥ ಆಯಿತು. ಟಿಡಿಎಸ್ ಅಂದರೆ ದಿನಕ್ಕೆ ಮೂರು ಸಲ. ಆದರೆ ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಪ್ರತಿ ಸಲ "ಮಾತ್ರೆಗೂ ತೆರಿಗೆ ಹಿಡೀತೀರಾ?" ಅಂತ ಕೇಳದೆ ಬಿಡುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೆದರಿಸುವುದು ಎಸ್ಒಎಸ್. 'ಸಿ ಓಪಸ್ ಸಿಟ್', ಅಂದರೆ ಬೇಕಾದರೆ ಮಾತ್ರ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ, ಇಲ್ಲದಿದ್ದರೆ ಸುಮ್ನಿರಿ, ಅಷ್ಟೇ. ಹೈಸ್ಕೂಲಿಗೆ ಹೋಗುವ ಹುಡುಗನೊಬ್ಬ ಅಜ್ಜನ ಚೀಟಿ ಹಿಡಿದು ಬೆವರುತ್ತಾ ಬಂದಿದ್ದ. ಮುಳುಗುವ ಹಡಗಿನವರು ಕಳಿಸುವ ಎಸ್ಒಎಸ್ ಅವನಿಗೆ ಗೊತ್ತು. "ಅಜ್ಜಂಗೆ ಅಷ್ಟು ಸೀರಿಯಸ್ಸಾ ಅಕ್ಕಾ?"

ಇನ್ಸುಲಿನ್ ವಿಷಯದಲ್ಲಿ ಮಾತ್ರ ನಾನು ಮೊದಲಿಂದಲೂ ಕಟ್ಟುನಿಟ್ಟು. ಯೂನಿಟ್ ಅನ್ನುವುದಕ್ಕೆ ಬರೀ 'ಯು' ಅಕ್ಷರ ಬರೆದರೆ ಅವಸರದಲ್ಲಿ ಅದು ಸೊನ್ನೆಯ ಹಾಗೆ ಕಾಣುತ್ತದೆ. ಹತ್ತು ನೂರಾಗುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಲೇಬಾರದ ಗುರುತುಗಳ ಪಟ್ಟಿ ಮಾಡಿದಾಗ ಈ 'ಯು' ಕೂಡ ಅದರಲ್ಲಿತ್ತು. ನಮ್ಮಲ್ಲಿ ಡಾಕ್ಟರುಗಳು ಬರೆಯುವ 1-0-1 ಎಷ್ಟೋ ವಾಸಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದವರಿಗೂ ಒಂದು ಸಲ ಹೇಳಿದರೆ ಸಾಕು.

ಆಮೇಲೆ ನನ್ನ ಸರದಿಯೂ ಬಂತು. ಮಾವನಿಗೆ ಎದೆನೋವು ಬಂದು ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದಾಗ, ನನಗೆ ಎಲ್ಲಾ ಗೊತ್ತು ಅನ್ನುವ ಹಾಗೆ ಓದಲು ಕೂತೆ. ಎಚ್‌ಟಿಎನ್ ಅಂದರೆ ಬಿಪಿ, ಸರಿ. ಪಿಟಿಸಿಎ ಅಂದರೆ ಆಂಜಿಯೋಪ್ಲಾಸ್ಟಿ, ಅದೂ ಸರಿ. ಮುಂದೆ 'ಮೈಲ್ಡ್ ಎಂಆರ್' ಅಂತಿತ್ತು. ನಮ್ಮ ಅಂಗಡಿಯಲ್ಲಿ ಎಂಆರ್ ಅಂದರೆ ಟೈ ಕಟ್ಟಿಕೊಂಡು, ಬ್ಯಾಗು ಹಿಡಿದು ಬರುವ ಕಂಪನಿ ಪ್ರತಿನಿಧಿ. ಅವರಲ್ಲಿ ಮೈಲ್ಡ್ ಆದವರನ್ನು ನಾನಂತೂ ನೋಡಿಲ್ಲ. ಮಾತ್ರೆ ಹೆಸರಿನ ಕೊನೆಗೂ ಎಂಆರ್ ಬರುತ್ತದೆ. ಒಂದರಲ್ಲಿ ಸ್ನಾಯು ಸಡಿಲಿಸುವುದು, ಇನ್ನೊಂದರಲ್ಲಿ ನಿಧಾನಕ್ಕೆ ಕರಗುವುದು. ಮಾವನ ಕಾರ್ಡಿನದು ಇವೆರಡೂ ಅಲ್ಲ, ಮೈಟ್ರಲ್ ರಿಗರ್ಜಿಟೇಶನ್. ಹೃದಯದ ಒಂದು ಕವಾಟ ಪೂರ್ತಿ ಮುಚ್ಚದೆ ರಕ್ತ ಸ್ವಲ್ಪ ಹಿಂದಕ್ಕೆ ಸೋರುವುದು. ಹಾಗಂತ ಹೇಳಿದ್ದೇ ತಡ, ಮಾವ "ಹೋ, ಪಂಪಿನ ಫುಟ್‌ವಾಲ್ವ್ ಸೋರಿದ ಹಾಗೆ" ಅಂದರು. ಹೌದಲ್ವಾ! ಅಡಿಕೆ ತೋಟದವರಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಪಕ್ಕದ ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಕೆಎಫ್‌ಡಿ ಸುದ್ದಿ ಬರುತ್ತದೆ. ಜನ ಹಾಗನ್ನುವುದಿಲ್ಲ, ಮಂಗನ ಕಾಯಿಲೆ ಅನ್ನುತ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು. ಹರಡುವುದು ಉಣುಗು ಕಚ್ಚಿ, ಹಾಗಾಗಿ ಮಂಗನ ಹೆಸರು ಪೂರ್ತಿ ಸರಿಯೇನಲ್ಲ. ಆದರೂ ಆ ಹೆಸರು ಕೇಳಿದವರು ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗುವುದಿಲ್ಲ, ಆಶಾ ಕಾರ್ಯಕರ್ತೆಗೆ ಹೇಳುತ್ತಾರೆ. ಕೆಎಫ್‌ಡಿ ಅನ್ನುವ ಮೂರು ಅಕ್ಷರದಲ್ಲಿ ಮಂಗವೂ ಇಲ್ಲ, ಉಣುಗೂ ಇಲ್ಲ. ಊರಿನ ಹೆಸರಿನಲ್ಲೂ ಒಂದೇ ಅಕ್ಷರ ಉಳಿದಿದೆ.

ಡಾಕ್ಟರುಗಳಿಗೇ ಇದೆಲ್ಲ ನೆನಪಿರುತ್ತದಾ ಅನ್ನುವುದು ನನ್ನ ಅನುಮಾನ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1950ರಿಂದ 2019ರವರೆಗಿನ 2.4 ಕೋಟಿ ವಿಜ್ಞಾನ ಲೇಖನಗಳ ಶೀರ್ಷಿಕೆ, 1.8 ಕೋಟಿ ಸಾರಾಂಶ ಜಾಲಾಡಿದ್ದರು. ಸಿಕ್ಕಿದ್ದು 11 ಲಕ್ಷ ಬೇರೆ ಬೇರೆ ಹ್ರಸ್ವರೂಪಗಳು. ಅದರಲ್ಲಿ ಶೇ. 79ರಷ್ಟು ಹತ್ತು ಸಲವೂ ಬಳಕೆಯಾಗಿಲ್ಲ!

ಈಗ ನಮ್ಮ ಹುಡುಗ "ಎರಡು ಹೊತ್ತು" ಅನ್ನುತ್ತಾನೆ. ಕವರಿನ ಮೇಲೆ ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಸಂಜೆ ರಶ್ ಇದ್ದಾಗ ಒಮ್ಮೊಮ್ಮೆ ತಪ್ಪುತ್ತದೆ, ಸುಳ್ಳು ಯಾಕೆ ಹೇಳಲಿ.

ಮಾವನ ಕಾರ್ಡಿನ ಕೊನೆಯ ಸಾಲು 'ಎಫ್‌/ಯು 2/52'. ಮಾವ ಕನ್ನಡಕ ಏರಿಸಿ ನೋಡಿ, "ಸರ್ವೆ ನಂಬರ್ ಎರಡು, ಹಿಸ್ಸಾ ಐವತ್ತೆರಡು. ಯಾರ ತೋಟ ಇದು?" ಅಂದಿದ್ದರು. ನಾನು ಅದೇನೋ ಆಸ್ಪತ್ರೆಯ ಫೈಲ್ ನಂಬರ್ ಅಂದುಕೊಂಡೆ. ತಿಂಗಳು ಕಳೆದು ಹೋದಾಗ, ಇಷ್ಟು ತಡ ಯಾಕೆ ಅಂತ ಡಾಕ್ಟರ್ ಬೈದರು. ವರ್ಷದ 52 ವಾರಗಳಲ್ಲಿ 2, ಅಂದರೆ ಎರಡು ವಾರ ಬಿಟ್ಟು ತೋರಿಸಲು ಬನ್ನಿ ಅಂತ ಅದರ ಅರ್ಥವಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಶಿರಸಿ ಹತ್ತಿರ ಬಂದ ಮೇಲೆ, "ಅಂತೂ ನಮ್ಮ ಪಹಣಿಗೆ ಹೊಸ ತೋಟ ಸೇರಲಿಲ್ಲ" ಅಂದರು.