ಮನೆ ಇದ್ದೂ ಹೊಲದಲ್ಲಿ ಯಾಕೆ ಮಲಗುತ್ತೀಯ?

"ಮನ್ಯಾಗ ಗಾದಿ, ಫ್ಯಾನು ಎಲ್ಲಾ ಬಿಟ್ಟು ಹೊಲದಾಗ ಯಾಕ ಮಲಗ್ತೀಯೋ?" ಹುಬ್ಬಳ್ಳಿಯ ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಅವ್ವನಂತೂ ನಾನು ಬ್ಯಾಗು ತುಂಬುವಾಗೆಲ್ಲ ಕೇಳುತ್ತಾಳೆ. "ಸುಮ್ನೆ, ಮನಸ್ಸು ಹಗುರ ಆಗ್ತದ" ಎಂದು ಹೇಳಿ ಮುಗಿಸುತ್ತಿದ್ದೆ. ಆದರೆ ಮನಸ್ಸು ಹಗುರಾಗುವುದು ಉಣಕಲ್ ಕೆರೆಯ ದಂಡೆಯಲ್ಲೂ ಆಗುತ್ತದೆ. ಅದಕ್ಕೆ ರಾತ್ರಿಯೆಲ್ಲ ನೆಲದ ಮೇಲೆ ಮಲಗಬೇಕಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಹೆಚ್ಚಾಗಿ ಹೋಗುವುದು ಗದಗ ಜಿಲ್ಲೆಯ ಡಂಬಳದ ಕಡೆ, ಗೆಳೆಯನ ಹೊಲಕ್ಕೆ. ಅಲ್ಲಿಂದ ಕಪ್ಪತಗುಡ್ಡ ಉದ್ದಕ್ಕೆ ಸಾಲಾಗಿ ಕಾಣುತ್ತದೆ. ಗುಡ್ಡದ ಮೇಲೆ ಮಲಗುವುದಿಲ್ಲ. 2019ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರನ್ನು ವನ್ಯಜೀವಿಧಾಮ ಮಾಡಿದ್ದಾರೆ. ರಾತ್ರಿ ಅದು ತೋಳ, ಕತ್ತೆಕಿರುಬಗಳ ಜಾಗ. ನನ್ನದು ಕೆಳಗೆ, ಕಡಲೆ ಕಿತ್ತ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಕತ್ತಲಾದರೆ ಗುಡ್ಡ ಮರೆಯಾಗಿ, ಗಾಳಿಯಂತ್ರಗಳ ಕೆಂಪು ದೀಪ ಮಾತ್ರ ಮಿಣುಕುತ್ತಿರುತ್ತವೆ.

ಮೂರು ವರ್ಷದ ಹಿಂದಿನ ಮಾತು. ಫೆಬ್ರವರಿ ತಿಂಗಳು. ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಇದು ವಾಡಿಕೆ. ಕುರಿಗಾರರು ಖಾಲಿ ಹೊಲದಲ್ಲಿ ಸುತ್ತ ಬಲೆ ಕಟ್ಟಿ ಹಿಂಡನ್ನು ರಾತ್ರಿ ಕೂಡಿಹಾಕುತ್ತಾರೆ. ಹಿಕ್ಕೆ, ಗಂಜಲ ನೆಲಕ್ಕೆ ಗೊಬ್ಬರ. ಹೊಲದ ಯಜಮಾನ ಅದಕ್ಕೆ ರೊಕ್ಕವನ್ನೋ ಜೋಳವನ್ನೋ ಕೊಡುತ್ತಾನೆ. ಆ ಹಿಂಡಿನ ಅಜ್ಜ ಕಡ್ಡಿಪೆಟ್ಟಿಗೆ ಕೇಳಲು ಬಂದವರು ನನ್ನ ಟೆಂಟು ನೋಡಿ ನಿಂತರು.

"ಯಾವೂರಪಾ ತಮ್ಮಾ? ಬಸ್ ತಪ್ಪೇತೇನು?"

"ಇಲ್ರೀ ಅಜ್ಜಾರ, ಹುಬ್ಬಳ್ಳಿಯಿಂದ ಬಂದೀನಿ. ಒಂದು ರಾತ್ರಿ ಹೊರಗ ಮಲಗೋಣಂತ."

"ಹೊರಗ? ಯಾವುದರ ಹೊರಗ?"

ಅವರು ತಮಾಷೆ ಮಾಡಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಸ್ವಲ್ಪ ಯೋಚಿಸಿ, "ಹಾಂ, ಇವತ್ತು ನಿಂದು ಇಲ್ಲೇ ವಸ್ತಿ ಅನ್ನು" ಅಂದರು.

ವಸ್ತಿ! ಹುಟ್ಟಿದಾಗಿನಿಂದ ಕೇಳಿದ ಮಾತು. ರಾತ್ರಿ ಕೊನೆಗೆ ಹಳ್ಳಿಗೆ ಬಂದು, ಅಲ್ಲೇ ನಿಂತು, ನಸುಕಿನಲ್ಲಿ ಹೊರಡುವುದು ವಸ್ತಿ ಬಸ್ಸು. ಬೀಗರು ಬಂದರೆ "ವಸ್ತಿ ಇದ್ದು ಹೋಗ್ರಿ" ಎನ್ನುತ್ತೇವೆ. ಬೆಳೆ ಕಾಯಲು ಹೊಲಕ್ಕೆ ಹೋದರೂ ವಸ್ತಿಯೇ. ತಲೆ ಮೇಲೆ ಸೂರು ಇದೆಯೋ ಇಲ್ಲವೋ, ಈ ಮಾತಿಗೆ ಬೇಕಿಲ್ಲ. ಇವತ್ತು ರಾತ್ರಿ ಇಲ್ಲಿ, ಬೆಳಗಾದರೆ ಹೊರಟೆ, ಅಷ್ಟೇ. ನನ್ನ ಮಾತಿನಲ್ಲಿ ಮನೆ ನಡುವೆ ಇತ್ತು, ಉಳಿದದ್ದೆಲ್ಲ ಅದರ ಹೊರಗಿತ್ತು. ಅಜ್ಜನ ಮಾತಿನಲ್ಲಿ ಆ ಗೋಡೆಯೇ ಇರಲಿಲ್ಲ. ಹಾಗೆ ನೋಡಿದರೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಎಡೆಯ ಅಡುಗೆಯನ್ನು ಹೊಲಕ್ಕೆ ಎರಚಿ), ಬದುವಿನಲ್ಲಿ ಕೂತು ಉಣ್ಣುವಾಗ ನಾವು ಯಾರೂ "ಹೊರಗೆ ಯಾಕೆ ಉಣ್ಣುತ್ತೀರಿ" ಎಂದು ಕೇಳುವುದಿಲ್ಲ, ಅಲ್ವಾ?

ಒಂದು ಮಾತು ಮುಚ್ಚಿಡಬಾರದು. ಅವರ ವಸ್ತಿ, ನನ್ನ ವಸ್ತಿ ಒಂದೇ ಅಲ್ಲ. ಮಳೆ ಬಂದರೆ ನಾನು ಗೆಳೆಯನ ಮನೆಗೆ ಓಡಬಹುದು. ಅವರು ಕುರಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ತೋಳ ಬಂದರೆ ನನ್ನದೇನೂ ಹೋಗುವುದಿಲ್ಲ, ಅವರದು ವರ್ಷದ ದುಡಿಮೆ. ಅದಕ್ಕೇ ಯಾರಾದರೂ ಇಂಥ ಒಂದು ರಾತ್ರಿಯನ್ನು "ಸರಳ ಬದುಕು" ಎಂದರೆ ನನಗೆ ಸರಿಬರುವುದಿಲ್ಲ. ಬೇಕಾದಾಗ ಎದ್ದು ಹೋಗಬಹುದಾದ ಕಷ್ಟಕ್ಕೆ ಆ ಹೆಸರು ಜಾಸ್ತಿಯಾಯಿತು.

ಹಾಗಾದರೆ ಸಿಗುವುದೇನು? ಒಂದು ಉದಾಹರಣೆ ಕೊಡುತ್ತೇನೆ. ಅಜ್ಜ ಮೇಲೆ ನೋಡಿ, "ಮಿರಗ ನೆತ್ತಿಗೆ ಬಂತು, ಉಣ್ಣೂಣು ಬಾ" ಅಂದರು. ಮಿರಗ ಅಂದರೆ ಮೃಗಶಿರ. ನನಗೆ ಅದು ಬರೀ ಮಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ ಬರೆದಿರುವ ಹೆಸರು. ಅದು ತಲೆಯ ಮೇಲೆ ಹೊಳೆಯುವ ಚುಕ್ಕಿಗಳೂ ಹೌದು ಎಂದು ಓದಿ ಗೊತ್ತಿತ್ತು, ಕಂಡಿರಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಹೊತ್ತಿನ ಮಳೆಗೆ ಅದೇ ಹೆಸರು. ಅಂದರೆ ಮಿರಗದ ಮಳೆ ಬೀಳುವ ದಿನಗಳಲ್ಲಿ ಮಿರಗ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ, ಕಾಣುವುದೇ ಇಲ್ಲ. ಕಾಣುವುದು ಮಳೆಯಿಲ್ಲದ ಈ ಚಳಿಗಾಲದಲ್ಲಿ. ಮಳೆಗೆ ಹೆಸರಿಟ್ಟವರು ಎಷ್ಟು ರಾತ್ರಿ ಹೀಗೆ ಮಲಗಿ ನೋಡಿರಬೇಕು! ಕಾಣದ ಚುಕ್ಕಿ ಎಲ್ಲಿದೆ ಎಂದು ತಿಳಿಯಬೇಕಾದರೆ ಕಾಣುವಷ್ಟು ದಿನವೂ ಅದನ್ನು ನೋಡಿರಬೇಕು. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಸುಕಿನಲ್ಲಿ ಬಲೆ ಬಿಚ್ಚಿದರು. ಕುರಿ ಎದ್ದ ಜಾಗದ ತುಂಬ ಹಿಕ್ಕೆ ಹರಡಿತ್ತು. ಮುಂಗಾರಿಗೆ ಬಿತ್ತಲು ಆ ಹೊಲಕ್ಕೆ ಅಷ್ಟು ಗೊಬ್ಬರ ಬಿತ್ತು. ನಾನು ಜಮಖಾನ ಮಡಚಿದಾಗ ಕೆಳಗೆ ಅದುಮಿದ ಕಡಲೆ ಹೊಟ್ಟು, ಪಕ್ಕದಲ್ಲಿ ಒಲೆಯ ಬೂದಿ. ಬೂದಿಯನ್ನು ಮಣ್ಣಿಗೆ ಕಲಸಿ, ಕಲ್ಲುಗಳನ್ನು ಬದುವಿಗೆ ಹಾಕಿದೆ. ಈಗ ಎಲ್ಲೇ ಮಲಗಿ ಎದ್ದರೂ ಹೊರಡುವ ಮುನ್ನ ಒಮ್ಮೆ ತಿರುಗಿ ಆ ಜಾಗ ನೋಡುತ್ತೇನೆ.

ಅಜ್ಜ ಕಂಬಳಿ ಹೆಗಲಿಗೆ ಹಾಕಿಕೊಂಡು, "ಮುಂದಿನ ವಸ್ತಿ ಎಲ್ಲಿ ತಮ್ಮಾ?" ಅಂದರು.

"ಹುಬ್ಬಳ್ಳಿರೀ ಅಜ್ಜಾರ, ಮನ್ಯಾಗ."

"ಚಲೋ ಆತು. ನೀರಿನ ಅನುಕೂಲ ಐತಿಲ್ಲೋ ಅಲ್ಲೆ?"

ಐತ್ರೀ ಅಂದೆ. ಅವರು ಕುರಿ ಹೊಡೆದುಕೊಂಡು ಹೋದರು.