ಒಡೆಯುವುದಲ್ಲ, ಮುರಿಯುವುದು

ಅಮ್ಮನ ಮೂಳೆ ಸವೆದಿದೆ ಅಂತ ಗೊತ್ತಾದ ದಿನ ಡಾಕ್ಟರು ಹಾಳೆಯ ಮೇಲೆ ಎರಡು ಪದ ಬರೆದು ತೋರಿಸಿದರು. ಆಸ್ಟಿಯೋಬ್ಲಾಸ್ಟ್, ಆಸ್ಟಿಯೋಕ್ಲಾಸ್ಟ್. ಒಂದು ಮೂಳೆ ಕಟ್ಟುವ ಜೀವಕೋಶ, ಇನ್ನೊಂದು ಕರಗಿಸುವುದು. ಬ್ಲಾಸ್ಟ್ ಅಂದರೆ ಸಿಡಿಯುವುದು ಅಲ್ವಾ, ಹಾಗಾಗಿ ಅದೇ ಕೆಡಿಸುವುದು ಅಂದುಕೊಂಡೆ. ಆದರೆ ಈ ಬ್ಲಾಸ್ಟ್ ಬಂದದ್ದು ಮೊಳಕೆ ಅನ್ನುವ ಗ್ರೀಕ್ ಪದದಿಂದ. ಕ್ಲಾಸ್ಟ್ ಅಂದರೆ ಮುರಿಯುವುದು.

ಅಂದಿನಿಂದ ಈ 'ಕ್ಲಾಸ್ಟ್' ನನ್ನನ್ನು ಬಿಟ್ಟಿಲ್ಲ.

ಅದರ ಬೇರು 'ಕ್ಲಾನ್' ಅನ್ನುವ ಗ್ರೀಕ್ ಕ್ರಿಯಾಪದ. ನಾವು ಮಡಕೆ ಒಡೆಯುತ್ತೇವೆ, ಕಡ್ಡಿ ಮುರಿಯುತ್ತೇವೆ, ದಾರ ಹರಿಯುತ್ತೇವೆ. ಇಂಗ್ಲಿಷಿಗೆ ಮೂರಕ್ಕೂ ಬ್ರೇಕ್ ಒಂದೇ ಸಾಕು. ಗ್ರೀಕರ ಕ್ಲಾನ್ ನಮ್ಮ 'ಮುರಿ'ಗೆ ಹತ್ತಿರ ಅಂತ ನನಗೆ ಅನಿಸುತ್ತದೆ. ಹೊಸ ಒಡಂಬಡಿಕೆಯಲ್ಲಿ ರೊಟ್ಟಿ ಮುರಿಯುವ ಕಡೆಯೂ ಇದೇ ಪದ. ಎಳೆ ರೆಂಬೆಗೆ ಗ್ರೀಕಿನಲ್ಲಿ 'ಕ್ಲೋನ್' ಅನ್ನುತ್ತಾರೆ, ಅದೂ ಇದೇ ಬಳಗದ್ದು. ರೆಂಬೆ ನೆಟ್ಟು ಬೆಳೆಸಿದ ಗಿಡಗಳಿಗೆ ಒಂದು ಹೆಸರು ಬೇಕಾದಾಗ, 1903ರಲ್ಲಿ ಹರ್ಬರ್ಟ್ ವೆಬರ್ ಎಂಬ ಸಸ್ಯವಿಜ್ಞಾನಿ ಇಂಗ್ಲಿಷಿಗೆ ತಂದದ್ದು ಈ ಪದವನ್ನೇ. ಇವತ್ತಿನ ಕ್ಲೋನ್ ಅದೇ. ಮುರಿದ ರೆಂಬೆಯಿಂದ ಇನ್ನೊಂದು ಗಿಡ!

ಐಕಾನೊಕ್ಲಾಸ್ಟ್ ಎಲ್ಲರಿಗೂ ಗೊತ್ತಿರುವ ಪದ. ಬೈಜಾಂಟಿಯಂನಲ್ಲಿ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ, ಪವಿತ್ರ ಚಿತ್ರಗಳನ್ನು ಕಿತ್ತುಹಾಕಿದವರ ಹೆಸರು. ಆ ಜಗಳ ಮುಗಿದದ್ದು 843ರಲ್ಲಿ.

ನನಗೆ ಜಾಸ್ತಿ ಇಷ್ಟವಾದದ್ದು ಆರ್ಥೋಕ್ಲೇಸ್. ನನ್ನ ಮೇಜಿನ ಮೇಲೆ ಈ ಖನಿಜದ ಒಂದು ಗುಲಾಬಿ ಚೂರಿದೆ. ಒಡೆದ ಎರಡು ಮುಖ ಸೇರುವ ಕಡೆ ಪುಸ್ತಕದ ಮೂಲೆ ಇಟ್ಟು ನೋಡಿದೆ. ಸರಿಯಾಗಿ ಕೂತಿತು, 90 ಡಿಗ್ರಿ. ಆರ್ಥೋ ಅಂದರೆ ನೇರ, ಕ್ಲೇಸ್ ಅದೇ ಮುರಿಯುವುದು. ಇದರ ನೆಂಟ ಪ್ಲೇಜಿಯೋಕ್ಲೇಸ್ ಸ್ವಲ್ಪ ಓರೆಯಾಗಿ ಸೀಳುತ್ತದೆ, ಆ ಓರೆಯೇ ಅದರ ಹೆಸರು. ಒಂದು ಕಲ್ಲು ಹೇಗೆ ಮುರಿಯುತ್ತದೆ ಅನ್ನುವುದೇ ಅದರ ಗುರುತು.

ಇನ್ನು ಅಮ್ಮನ ಮೂಳೆ. ಆಸ್ಟಿಯೋಕ್ಲಾಸ್ಟ್ ಮೂಳೆಗೆ ಅಂಟಿಕೊಂಡು ಆಮ್ಲ ಬಿಡುತ್ತದೆ, ಅಲ್ಲೊಂದು ಸಣ್ಣ ಗುಂಡಿ ಆಗುತ್ತದೆ. ಆ ಗುಂಡಿಯನ್ನು ಆಸ್ಟಿಯೋಬ್ಲಾಸ್ಟ್ ತುಂಬುತ್ತದೆ. ಮುರಿಯುವವರೇ ಇಲ್ಲದಿದ್ದರೆ ಒಳ್ಳೆಯದಲ್ವಾ ಅಂತ ಕೇಳಿದೆ. ಇಲ್ಲವಂತೆ. ಆಸ್ಟಿಯೋಕ್ಲಾಸ್ಟ್ ಕೆಲಸ ಮಾಡದ ಒಂದು ಕಾಯಿಲೆ ಇದೆ, ಆಸ್ಟಿಯೋಪೆಟ್ರೋಸಿಸ್. ಮೂಳೆ ಕಲ್ಲಿನಂತೆ ದಟ್ಟವಾಗುತ್ತದೆ, ಆದರೂ ಸುಲಭವಾಗಿ ಮುರಿಯುತ್ತದೆ.

ಮನೆಗೆ ಬಂದ ಮೇಲೆ ಅಮ್ಮ ಆ ಹಾಳೆ ಹಿಡಿದು ಕೇಳಿದರು, "ಇದರಲ್ಲಿ ನನಗೆ ಯಾವುದು ಜಾಸ್ತಿ ಆಗಿದೆ?"

"ಮುರಿಯೋದು ಅಮ್ಮ. ಮಾತ್ರೆ ಅದನ್ನ ಸ್ವಲ್ಪ ತಗ್ಗಿಸುತ್ತೆ."

"ಪೂರ್ತಿ ನಿಲ್ಲಿಸಲ್ಲ ತಾನೇ?"

ನಿಲ್ಲಿಸಲ್ಲ ಅಂದೆ. ಹಾಳೆ ಮಡಚಿ ಮಾತ್ರೆ ಡಬ್ಬಿಯೊಳಗೆ ಇಟ್ಟುಕೊಂಡರು.