ರಂಗನತಿಟ್ಟಿನಿಂದ ಕಾರಂಜಿ ಕೆರೆಯವರೆಗೆ: ಮಕ್ಕಳೊಡನೆ ಒಂದು ದಿನದ ಪ್ರವಾಸ

ಒಂದು ದಿನದ ಮಟ್ಟಿಗೆ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುವವರು ಸಾಮಾನ್ಯವಾಗಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ ಎಂದು ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು, ಮಧ್ಯಾಹ್ನದ ಹೊತ್ತಿಗೇ ಸೋತು ಸುಣ್ಣವಾಗಿರುತ್ತಾರೆ. ನಮ್ಮ ಮನೆಯವರು ಅವೆಲ್ಲವನ್ನೂ ಬೇರೆ ಸಲಕ್ಕೆ ಉಳಿಸಿ, ರಂಗನತಿಟ್ಟು ಪಕ್ಷಿಧಾಮ, ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಮತ್ತು ಕಾರಂಜಿ ಕೆರೆ ಎಂಬ ಮೂರೇ ಸ್ಥಳಗಳನ್ನು ಆರಿಸಿಕೊಂಡೆವು. ಜೊತೆಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳೂ, ಹೆಚ್ಚು ನಡೆಯಲಾಗದ ನಮ್ಮ ಅತ್ತೆಯವರೂ ಇದ್ದರು. ಈ ಮೂರು ಸ್ಥಳಗಳನ್ನು ಯಾವ ಕ್ರಮದಲ್ಲಿ ನೋಡುತ್ತೇವೆ ಎಂಬುದರ ಮೇಲೆ ಇಡೀ ದಿನದ ಸಾರ್ಥಕತೆ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ನೀರಿನ ಮೇಲೆ, ನಡು ಮಧ್ಯಾಹ್ನ ಸೂರಿನಡಿ, ಇಳಿಹೊತ್ತಿಗೆ ಕೆರೆಯ ದಂಡೆಯಲ್ಲಿ ಎಂಬ ಕ್ರಮವನ್ನು ದಯವಿಟ್ಟು ತಲೆಕೆಳಗು ಮಾಡಬೇಡಿ.

ಮೊದಲು ವಾರವನ್ನು ನಿಶ್ಚಯಿಸಿಕೊಳ್ಳಬೇಕು. ಸಂಗ್ರಹಾಲಯಕ್ಕೆ ಸೋಮವಾರ ರಜೆ. ಕಾರಂಜಿ ಕೆರೆಗೂ ಮೃಗಾಲಯಕ್ಕೂ ಮಂಗಳವಾರ ರಜೆ. ಆದ್ದರಿಂದ ವಾರದ ಈ ಮೊದಲ ಎರಡು ದಿನಗಳನ್ನು ಬಿಟ್ಟೇಬಿಡಬೇಕು. ರಾಷ್ಟ್ರೀಯ ರಜಾದಿನಗಳಲ್ಲಿ ಸಂಗ್ರಹಾಲಯ ತೆರೆದಿರುವುದಿಲ್ಲವಾದ್ದರಿಂದ, ಆಗಸ್ಟ್ 15 ಅಥವಾ ಅಕ್ಟೋಬರ್ 2ರ ರಜೆಯನ್ನು ಬಳಸಿಕೊಳ್ಳೋಣವೆಂದು ಹೊರಟವರಿಗೆ ಬಾಗಿಲು ಹಾಕಿದ ಕಟ್ಟಡವಷ್ಟೇ ಕಾಣುತ್ತದೆ. ಶಾಲೆಗೆ ರಜೆಯಿರುವ ಬುಧವಾರವೋ ಗುರುವಾರವೋ ಸಿಕ್ಕರೆ ಅದಕ್ಕಿಂತ ಉತ್ತಮವಾದ ದಿನ ಇನ್ನೊಂದಿಲ್ಲ. ಭಾನುವಾರ ದೋಣಿಯ ಸಾಲಿನಲ್ಲಿ ಕಳೆಯುವ ಹೊತ್ತು ದೋಣಿಯೊಳಗೆ ಕಳೆಯುವ ಹೊತ್ತಿಗಿಂತ ಹೆಚ್ಚಾಗುವ ಸಾಧ್ಯತೆಯಿದೆ.

ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಆರು ಗಂಟೆಯೊಳಗೆ ಮನೆ ಬಿಟ್ಟರೆ, ನಡುವೆ ತಿಂಡಿಗೆ ನಿಲ್ಲಿಸಿಕೊಂಡೂ ದೋಣಿಗಳು ಹೊರಡುವ ಹೊತ್ತಿಗೆ ಶ್ರೀರಂಗಪಟ್ಟಣವನ್ನು ದಾಟಿರಬಹುದು. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಬೈಕಿನಲ್ಲಿ ಬರುವ ಸಣ್ಣ ಕುಟುಂಬಗಳು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕಾಗುತ್ತದೆ. ಅಂಥವರು ಇನ್ನೂ ಮುಂಚೆ ಹೊರಡುವುದು ಒಳ್ಳೆಯದು. ರೈಲಿನಲ್ಲಿ ಬರುವವರು ಮೈಸೂರಿನವರೆಗೆ ಹೋಗಿ ಹಿಂದಿರುಗುವ ಬದಲು, ಶ್ರೀರಂಗಪಟ್ಟಣದಲ್ಲಿ ನಿಲ್ಲುವ ಗಾಡಿಯನ್ನು ಆರಿಸಿಕೊಂಡು ಅಲ್ಲಿಯೇ ಇಳಿದರೆ, ಪಕ್ಷಿಧಾಮ ಆಟೋದಲ್ಲಿ ಕೆಲವೇ ನಿಮಿಷಗಳ ದಾರಿ.

ರಂಗನತಿಟ್ಟಿನಲ್ಲಿ ಮಕ್ಕಳಿಗೆ ಮೊದಲು ಹೇಳಬೇಕಾದ ಸಂಗತಿಯೆಂದರೆ, ಈ ಪಕ್ಷಿಧಾಮ ತಾನಾಗಿ ಆದದ್ದಲ್ಲ ಎಂಬುದು. ಮೈಸೂರಿನ ಅರಸರಾದ ರಣಧೀರ ಕಂಠೀರವ ನರಸರಾಜ ಒಡೆಯರು 1645 ಮತ್ತು 1648ರ ನಡುವೆ ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿಸಿದರು. ನೀರು ಏರಿದಂತೆ ನದಿಯ ನಡುವಣ ಎತ್ತರದ ನೆಲಗಳು ತಿಟ್ಟುಗಳಾಗಿ ಉಳಿದುಕೊಂಡವು. ಸುತ್ತಲೂ ನೀರಿರುವುದರಿಂದ ನೆಲದ ಬೇಟೆಗಾರ ಪ್ರಾಣಿಗಳು ಗೂಡುಗಳ ಬಳಿ ಸುಳಿಯುವುದು ಕಷ್ಟ. ಹೀಗಾಗಿ ಕೊಕ್ಕರೆಗಳಿಗೆ ಈ ತಿಟ್ಟುಗಳು ಹೇಳಿ ಮಾಡಿಸಿದ ಬಾಣಂತಿಕೋಣೆಗಳಾದವು. ಪಕ್ಷಿತಜ್ಞ ಸಲೀಂ ಅಲಿ ಅವರು ಇದರ ಮಹತ್ವವನ್ನು ಕಂಡು ಒತ್ತಾಯಿಸಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಕರ್ನಾಟಕದ ಮೊತ್ತಮೊದಲ ರಾಮ್ಸರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆಯೂ ಸಿಕ್ಕಿತು. ಪಕ್ಷಿಧಾಮದ ವಿಸ್ತೀರ್ಣವಾದರೋ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಹಕ್ಕಿಗಳು ಏಕೆ ಸೇರುತ್ತವೆ ಎಂಬ ಪ್ರಶ್ನೆಯನ್ನು ದೋಣಿ ಹತ್ತುವ ಮುನ್ನ ಮಕ್ಕಳ ಮುಂದಿಟ್ಟು, ಉತ್ತರವನ್ನು ಅವರೇ ಹುಡುಕಲಿ ಎಂದು ಸುಮ್ಮನಿರಬೇಕು.

ದೋಣಿಗೆ ಟಿಕೆಟ್ ಪ್ರತ್ಯೇಕ. ಹಲವರು ಒಟ್ಟಿಗೆ ಕೂರುವ ದೋಣಿಯ ಜೊತೆಗೆ, ಹೆಚ್ಚು ಹಣ ಕೊಟ್ಟು ಒಂದೇ ಗುಂಪು ಪಡೆಯುವ ದೋಣಿಯೂ ಉಂಟು. ದೊಡ್ಡ ಕ್ಯಾಮೆರಾ ತರುವವರು ಅದಕ್ಕೂ ಬೇರೆ ಶುಲ್ಕ ತೆರಬೇಕು. ಮಕ್ಕಳ ಮಟ್ಟಿಗೆ ಕ್ಯಾಮೆರಾಕ್ಕಿಂತ ಒಂದು ಸಾಧಾರಣ ದುರ್ಬೀನೇ ಮೇಲು. ಅಷ್ಟೇಕೆ, ದೋಣಿಯು ಗೂಡುಗಳಿಗೆ ಸಾಕಷ್ಟು ಹತ್ತಿರ ಹೋಗುವುದರಿಂದ ಅದೂ ಇಲ್ಲದೆ ನಡೆಯುತ್ತದೆ. ಹುಟ್ಟು ಹಾಕುವ ಅರಣ್ಯ ಇಲಾಖೆಯ ಸಿಬ್ಬಂದಿಗೆ ಹಕ್ಕಿಗಳ ಹೆಸರು ಮಾತ್ರವಲ್ಲ, ಯಾವ ಬಂಡೆಯ ಮೇಲೆ ಯಾವ ಮೊಸಳೆ ಮಲಗುತ್ತದೆ ಎಂಬುದೂ ಗೊತ್ತಿರುತ್ತದೆ. ಅವರೊಡನೆ ಗೌರವದಿಂದ ಮಾತನಾಡಿ, ಎರಡು ಪ್ರಶ್ನೆ ಕೇಳಿದರೆ ಸಾಕು, ದೋಣಿಯ ಉಳಿದ ಪಯಣವೆಲ್ಲ ಒಂದು ಪಾಠವೇ ಆಗುತ್ತದೆ. ಲೈಫ್ ಜಾಕೆಟ್ ಬಿಚ್ಚುವುದು, ಎದ್ದು ನಿಲ್ಲುವುದು, ನೀರಿಗೆ ಕೈ ಇಳಿಬಿಡುವುದು ಇವು ಮೂರನ್ನೂ ದಡದಲ್ಲಿಯೇ ಕಟ್ಟುನಿಟ್ಟಾಗಿ ನಿಷೇಧಿಸಿಬಿಡಿ. ಅಲ್ಲಿನ ಮೊಸಳೆಗಳು ಮೃಗಾಲಯದವಲ್ಲ.

ಏನನ್ನು ನೋಡಬೇಕು ಎಂಬುದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಪ್ರವಾಸದ ಜೀವಾಳ ಇದೇ. ಹಕ್ಕಿಗಳ ಹೆಸರಿನ ಉದ್ದದ ಪಟ್ಟಿಯನ್ನು ಮಕ್ಕಳಿಗೆ ಒಪ್ಪಿಸುವ ಬದಲು ಕೊಕ್ಕುಗಳನ್ನಷ್ಟೇ ನೋಡಿರೆಂದು ನಾವು ಹೇಳಿದೆವು. ಬಾಯ್ಕಳಕ ಕೊಕ್ಕರೆಯ ಮೇಲ್ಕೊಕ್ಕು ಮತ್ತು ಕೆಳಕೊಕ್ಕು ನಡುವೆ ಕೂಡಿಕೊಳ್ಳುವುದಿಲ್ಲ. ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ಅದರ ಮುಖ್ಯ ಆಹಾರ ಬಸವನಹುಳು. ಚಿಪ್ಪನ್ನು ಒಡೆಯದೆಯೇ ಒಳಗಿನ ಮಾಂಸವನ್ನು ಕತ್ತರಿಸಿ ಎಳೆದುಕೊಳ್ಳುವ ಈ ಹಕ್ಕಿಯ ಮರಿಗಳಿಗೆ ಹುಟ್ಟುವಾಗ ಆ ಸಂದು ಇರುವುದಿಲ್ಲವೆಂದೂ, ಬೆಳೆದಂತೆ ಅದು ಮೂಡುತ್ತದೆಂದೂ ತಿಳಿದಾಗ ನಮ್ಮ ಹಿರಿಯ ಮಗಳು ಗೂಡುಗಳಲ್ಲಿ ಮರಿಗಳನ್ನು ಹುಡುಕತೊಡಗಿದಳು. ಚಮಚದ ಕೊಕ್ಕು ಎಂಬ ಹೆಸರಿನ ಹಕ್ಕಿ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಕೆಸರುನೀರನ್ನು ಜಾಲಾಡುತ್ತದೆ. ಕೊಕ್ಕಿಗೆ ಏನಾದರೂ ತಗುಲಿದೊಡನೆ ಮುಚ್ಚಿಕೊಳ್ಳುತ್ತದೆ. ಬಣ್ಣದ ಕೊಕ್ಕರೆಯೂ ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ಸ್ಪರ್ಶದಿಂದಲೇ ಮೀನು ಹಿಡಿಯುವುದರಿಂದ, ನೀರು ಕದಡಿದ್ದರೂ ಅದಕ್ಕೆ ತೊಂದರೆಯಿಲ್ಲ. ಕಣ್ಣಿನಿಂದ ಗುರಿಯಿಟ್ಟು ಮುಳುಗುವ ಮಿಂಚುಳ್ಳಿಯ ಪಾಡು ಬೇರೆ. ಅದಕ್ಕೆ ತಿಳಿನೀರು ಬೇಕು. ಒಂದೇ ಹೊಳೆಯಲ್ಲಿ ಇಷ್ಟು ಬಗೆಯ ಹಕ್ಕಿಗಳು ಹೇಗೆ ಹೊಂದಿಕೊಂಡು ಬಾಳುತ್ತವೆ ಎಂಬುದಕ್ಕೆ ಈ ಕೊಕ್ಕುಗಳಿಗಿಂತ ಒಳ್ಳೆಯ ಉತ್ತರವಿಲ್ಲ.

ಹಾವಕ್ಕಿಯನ್ನು ತಪ್ಪಿಸಿಕೊಳ್ಳಬೇಡಿ. ಮೈಯನ್ನು ನೀರಿನೊಳಗಿಟ್ಟು ಕತ್ತನ್ನಷ್ಟೇ ಮೇಲೆತ್ತಿ ಈಜುವ ಇದರ ಗರಿಗಳು ನೀರು ಹೀರುವುದರಿಂದ, ಮುಳುಗುವುದು ಸಲೀಸಾದರೂ ಬಳಿಕ ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಲೇಬೇಕು. ನೀರುಕಾಗೆಗಳೂ ಹಾಗೆಯೇ ಮಾಡುತ್ತವೆ. ಇನ್ನು ಕೊಕ್ಕರೆಗಳ ಗೂಡಿನಿಂದ ಕೇಳಿಬರುವ ಟಕಟಕ ಸದ್ದು ಕೂಗಲ್ಲ, ದೊಡ್ಡ ಹಕ್ಕಿಗಳು ಕೊಕ್ಕು ಬಡಿಯುವುದರಿಂದ ಹೊಮ್ಮುವ ಸದ್ದು. ಬಿಸಿಲೇರಿದಂತೆ ತಾಯಿಯೋ ತಂದೆಯೋ ರೆಕ್ಕೆ ಹರಡಿ ಮರಿಗಳಿಗೆ ನೆರಳು ಮಾಡುವುದನ್ನು ನಮ್ಮ ಅತ್ತೆಯವರು ಎಲ್ಲರಿಗಿಂತ ಮೊದಲು ಗುರುತಿಸಿದರು. ಮರಗಳಲ್ಲಿ ತಲೆಕೆಳಗಾಗಿ ತೂಗುವ ಹಣ್ಣುಬಾವಲಿಗಳು ರೆಕ್ಕೆಯನ್ನು ಬೀಸಣಿಗೆಯಾಗಿ ಆಡಿಸಿ ಮೈ ತಂಪು ಮಾಡಿಕೊಳ್ಳುವುದೂ ಇದೇ ಹೊತ್ತಿನಲ್ಲಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಆಕಳಿಸುತ್ತಿಲ್ಲ, ಸಿಟ್ಟಾಗಿಯೂ ಇಲ್ಲ. ಶರೀರದ ಶಾಖವನ್ನು ಹದಗೊಳಿಸಿಕೊಳ್ಳುವ ಬಗೆ ಅದು. ಬಿಸಿಲಿಗೆ ಒಂದೊಂದು ಜೀವಿ ಒಂದೊಂದು ಉಪಾಯ ಹೂಡುವುದನ್ನು ಒಂದೇ ದೋಣಿಯಲ್ಲಿ ಕುಳಿತು ನೋಡಬಹುದಾದ ಸ್ಥಳಗಳು ಬಹಳ ಇರಲಾರವು.

ಗೂಡು ಕಟ್ಟುವ ಕಾಲ ಸ್ಥೂಲವಾಗಿ ಡಿಸೆಂಬರಿನಿಂದ ಜೂನ್‌ವರೆಗೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಸೇರಿಕೊಳ್ಳುತ್ತವೆ. ಮಕ್ಕಳಿಗೆ ಮರಿಗಳನ್ನು ತೋರಿಸಬೇಕೆಂದಿದ್ದರೆ ಫೆಬ್ರುವರಿ, ಮಾರ್ಚ್ ತಿಂಗಳುಗಳನ್ನು ನಾನು ಸೂಚಿಸುತ್ತೇನೆ. ಪಕ್ಷಿಧಾಮದ ಆವರಣದಲ್ಲಿ ಕೋತಿಗಳಿವೆ. ಬುತ್ತಿಯನ್ನು ಅಲ್ಲಿ ಬಿಚ್ಚುವ ಯೋಚನೆ ಬೇಡ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಮನೆಯಲ್ಲಿಯೇ ಬಿಟ್ಟು ಸ್ಟೀಲಿನ ಬಾಟಲಿ ತಂದರೆ ಮೂರೂ ಕಡೆ ಅನುಕೂಲ.

ಹನ್ನೊಂದರ ಸುಮಾರಿಗೆ ಅಲ್ಲಿಂದ ಹೊರಟು, ಮೈಸೂರಿನಲ್ಲಿ ಊಟ ಮುಗಿಸಿಕೊಂಡು ಸಂಗ್ರಹಾಲಯವನ್ನು ಸೇರಿಕೊಳ್ಳಬೇಕು. ಕೇಂದ್ರ ಪರಿಸರ ಸಚಿವಾಲಯಕ್ಕೆ ಸೇರಿದ ಈ ಸಂಸ್ಥೆ 1995ರ ಮೇ 20ರಂದು ಕಾರಂಜಿ ಕೆರೆಯ ದಂಡೆಯಲ್ಲಿ ಆರಂಭವಾಯಿತು. ದೆಹಲಿಯಲ್ಲಿದ್ದ ಇದರ ಮಾತೃಸಂಸ್ಥೆ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದ ಸುದ್ದಿ ಕೆಲವರಿಗೆ ನೆನಪಿರಬಹುದು. ದಕ್ಷಿಣ ಭಾರತದ ಸಸ್ಯ, ಪ್ರಾಣಿ ಮತ್ತು ಶಿಲೆಗಳ ನಡುವಣ ನಂಟನ್ನು ತಿಳಿಸಿಕೊಡುವುದು ಇಲ್ಲಿನ ಪ್ರದರ್ಶನಗಳ ಉದ್ದೇಶ. ಜೀವವೈವಿಧ್ಯಕ್ಕೂ, ಯುಗಯುಗಗಳಲ್ಲಿ ಜೀವ ಬೆಳೆದುಬಂದ ಬಗೆಗೂ ಪ್ರತ್ಯೇಕ ವಿಭಾಗಗಳಿವೆ. ದೃಷ್ಟಿದೋಷವುಳ್ಳ ಮಕ್ಕಳು ಮುಟ್ಟಿ ತಿಳಿಯಲು ಅನುಕೂಲ ಮಾಡಿಕೊಟ್ಟಿರುವುದು ಮೆಚ್ಚತಕ್ಕ ಸಂಗತಿ. ಗುಂಡಿ ಒತ್ತಿದೊಡನೆ ಕುಣಿಯುವ ಯಂತ್ರಗಳನ್ನು ನಿರೀಕ್ಷಿಸಿ ಬರುವವರಿಗೆ ಇದು ಸಪ್ಪೆಯೆನಿಸಬಹುದು. ಬೆಳಿಗ್ಗೆ ಹಕ್ಕಿಗಳನ್ನು ನೋಡಿ ಬಂದವರಿಗೆ ಹಾಗೆ ಅನ್ನಿಸುವುದಿಲ್ಲ. ಫಲಕಗಳನ್ನು ಒಂದೂ ಬಿಡದೆ ಓದಿಸುವ ಉಪಾಧ್ಯಾಯಗಿರಿಯನ್ನು ಮಾತ್ರ ಬಿಡಬೇಕು. ಬೆಳಿಗ್ಗೆ ಕಂಡ ಜೀವಿಗಳಿಗೆ ಸಂಬಂಧಪಟ್ಟ ಮೂರು ವಸ್ತುಗಳನ್ನು ಹುಡುಕಿ ತೋರಿಸಿರಿ ಎಂದರೆ ಮಕ್ಕಳು ತಾವಾಗಿಯೇ ಓದುತ್ತಾರೆ. ಒಂದೂವರೆ ಗಂಟೆ ಧಾರಾಳವಾಗಿ ಸಾಕು. ಬಿಸಿಲಿನ ಹೊತ್ತು ಸೂರಿನಡಿ ಕಳೆದುಹೋಗುವುದು ಹಿರಿಯರಿಗೂ ಹಿತ.

ಎರಡೂವರೆ, ಮೂರರ ವೇಳೆಗೆ ಕಾರಂಜಿ ಕೆರೆಯ ಉದ್ಯಾನಕ್ಕೆ ಹೋದಾಗ ಮೊದಲು ಚಿಟ್ಟೆ ಉದ್ಯಾನದ ಕಡೆಗೆ ನಡೆಯಿರಿ. ಹೆಚ್ಚಿನವರು ಎದುರಿಗೆ ಕಾಣುವ ದೋಣಿಗೋ ಪಕ್ಷಿಗಳ ಆವರಣಕ್ಕೋ ಮೊದಲು ಹೋಗಿ, ಬಿಸಿಲು ಇಳಿದ ಮೇಲೆ ಚಿಟ್ಟೆಗಳನ್ನು ಹುಡುಕುತ್ತಾರೆ. ಹಾರಲು ಮೈ ಬೆಚ್ಚಗಿರಬೇಕಾದ್ದರಿಂದ ಬಿಸಿಲು ಹೋದೊಡನೆ ಚಿಟ್ಟೆಗಳು ಎಲೆಗಳ ಮರೆ ಸೇರುತ್ತವೆ; ಮೋಡ ಮುಸುಕಿದ ದಿನ ಅಲ್ಲಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ. ಅಂಥ ದಿನಗಳಲ್ಲಿ ಎಲೆಗಳ ಅಡಿಭಾಗವನ್ನು ನೋಡಿರೆಂದು ಮಕ್ಕಳಿಗೆ ಹೇಳಬಹುದು. ಕರಿಬೇವು, ನಿಂಬೆಯ ಎಲೆಗಳನ್ನೇ ತಿಂದು ಬೆಳೆಯುವ ಮರಿಹುಳುಗಳಿವೆ, ಎಕ್ಕದ ಎಲೆಯಲ್ಲೇ ಬೆಳೆಯುವವೂ ಇವೆ. ಎಕ್ಕದ ವಿಷವನ್ನು ಮೈಗೂಡಿಸಿಕೊಂಡ ಚಿಟ್ಟೆ ಹಕ್ಕಿಗಳ ನಾಲಗೆಗೆ ಕಹಿಯಾಗುವುದರಿಂದಲೇ ಅದು ಅಷ್ಟು ನಿಧಾನವಾಗಿ, ಎದ್ದುಕಾಣುವ ಬಣ್ಣದಲ್ಲಿ ಹಾರಾಡುವ ಧೈರ್ಯ ತೋರುತ್ತದೆ.

ಬಲೆಯ ಸೂರಿನ ಕೆಳಗೆ ನಡೆದಾಡುತ್ತಲೇ ಹಕ್ಕಿಗಳನ್ನು ನೋಡಬಹುದಾದ ಇಲ್ಲಿನ ಆವರಣ ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲ, 20 ಮೀಟರ್ ಎತ್ತರವಿದೆ. ನವಿಲುಗಳು ಕಾಲ ಬಳಿಯೇ ಸುಳಿದಾಡುತ್ತವೆ. ಸಣ್ಣ ಮಕ್ಕಳಿಗೆ ಇದೇ ಇಡೀ ದಿನದ ಅಚ್ಚುಮೆಚ್ಚಿನ ಸ್ಥಳವಾಗುತ್ತದೆ. ನನಗೇನೋ ಕೆರೆಯ ನಡುವಣ ಮರಗಳಲ್ಲಿ ಸ್ವತಂತ್ರವಾಗಿ ಗೂಡು ಕಟ್ಟುವ ಹಕ್ಕಿಗಳೇ ಹೆಚ್ಚು ಹಿಡಿಸಿದವು. ವೀಕ್ಷಣಾ ಗೋಪುರವನ್ನು ಹತ್ತಿದರೆ ಅವು ಚೆನ್ನಾಗಿ ಕಾಣುತ್ತವೆ. ಅರಸರ ಕಾಲದ ಈ ಕೆರೆ ಒಂದು ಹಂತದಲ್ಲಿ ನಗರದ ಕೊಳಚೆನೀರಿನಿಂದ ಹಾಳಾಗಿ, ಆಮೇಲೆ ಶುದ್ಧಗೊಂಡು ಮರುಜೀವ ಪಡೆದದ್ದು ಎಂಬುದನ್ನು ಗೋಪುರದ ಮೇಲೆ ನಿಂತು ಹೇಳಿದರೆ ಮಕ್ಕಳು ಕಿವಿಗೊಡುತ್ತಾರೆ. ಹೊಳೆಗೆ ಕಟ್ಟೆ ಕಟ್ಟಿದವರೂ ಮನುಷ್ಯರು, ಕೆರೆ ಕೆಡಿಸಿದವರೂ ಮನುಷ್ಯರು, ಸರಿಪಡಿಸಿದವರೂ ಮನುಷ್ಯರು ಎಂಬ ಲೆಕ್ಕವನ್ನು ನಮ್ಮ ಮಗಳು ತಾನೇ ಹಾಕಿದಳು. ಹಿರಿಯರು ದಂಡೆಯ ಬೆಂಚಿನಲ್ಲಿ ಕುಳಿತಿರಬಹುದು. ಕೆರೆಯ ಸುತ್ತ ಪೂರ್ತಿ ನಡೆಯಬೇಕೆಂಬ ಕಟ್ಟುಪಾಡೇನೂ ಇಲ್ಲ.

ಪಕ್ಕದಲ್ಲಿಯೇ ಇರುವ ಮೃಗಾಲಯವನ್ನು ಇದೇ ದಿನ ಸೇರಿಸಿಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. 1892ರಲ್ಲಿ ಸ್ಥಾಪನೆಯಾದ ಆ ಮೃಗಾಲಯ 157 ಎಕರೆಯಷ್ಟು ವಿಸ್ತಾರವಾಗಿದ್ದು, ಅದನ್ನು ನೆಟ್ಟಗೆ ನೋಡಲು ಅರ್ಧ ದಿನವಾದರೂ ಬೇಕು. ದಣಿದ ಕಾಲುಗಳಿಗೆ ಹುಲಿಯೂ ಒಂದೇ, ಜಿರಾಫೆಯೂ ಒಂದೇ. ಆದರೆ ಮಳೆಗಾಲದಲ್ಲಿ ಹೊರಡುವವರು ಇದಕ್ಕೆ ಹೊರತು. ಕೃಷ್ಣರಾಜಸಾಗರ ತುಂಬಿ ಹೆಚ್ಚು ನೀರನ್ನು ಹೊಳೆಗೆ ಬಿಟ್ಟಾಗ ರಂಗನತಿಟ್ಟಿನ ತಿಟ್ಟುಗಳು ಮುಳುಗತೊಡಗಿ, ದೋಣಿವಿಹಾರವನ್ನು ನಿಲ್ಲಿಸಲಾಗುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊರಡುವ ಹಿಂದಿನ ದಿನ ಜಲಾಶಯದ ಹೊರಹರಿವಿನ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿಕೊಂಡು, ದೋಣಿ ನಿಂತಿರುವ ಸೂಚನೆ ಸಿಕ್ಕರೆ ನೇರವಾಗಿ ಮೈಸೂರಿಗೆ ಬಂದು ಬೆಳಗಿನ ಹೊತ್ತನ್ನು ಮೃಗಾಲಯಕ್ಕೆ ಕೊಟ್ಟು, ಮಧ್ಯಾಹ್ನದ ಮೇಲಿನ ಕ್ರಮವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ದಸರೆಯ ವಾರದಲ್ಲಿ ಮಾತ್ರ ಈ ಭಾಗದ ರಸ್ತೆಗಳೂ ವಾಹನ ನಿಲುಗಡೆಯ ಜಾಗಗಳೂ ತುಂಬಿ ತುಳುಕುವುದರಿಂದ, ಆ ದಿನಗಳಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಈ ಪ್ರವಾಸಕ್ಕೆ ಹೊರಡದಿರುವುದು ಲೇಸು.